ನಮ್ಮೂರ ಮಳೆಗೆ ತಡೆಯುವ ಸೈಕಲ್ಲು

ಮುಂದಿನ ವರ್ಷ ನಾವೆಲ್ಲ ಎಂಟನೇ ತರಗತಿ. ನಮ್ಮ ಶಾಲೆ ಇರುವುದು ಏಳರವರೆಗೆ ಮಾತ್ರ. ನಮ್ಮ ಮನೆಯಿಂದ ಹೈಸ್ಕೂಲಿಗೆ 6 ಕಿಲೋಮೀಟರ್. ಅದರಲ್ಲಿ 2 ಕಿಲೋಮೀಟರ್ ಮಣ್ಣುರಸ್ತೆ. ಸೈಕಲ್ ಸರಿಯಾಗದಿದ್ದರೆ ಸಿರ್ಸಿಯ ಅತ್ತೆಮನೆಯಲ್ಲಿ ಉಳಿದು ಓದು ಎಂದು ಅಪ್ಪ ಹೇಳಿಬಿಟ್ಟಿದ್ದಾರೆ. ನನಗೆ ಮನಸ್ಸಿಲ್ಲ. ಅದಕ್ಕೇ ಈ ಸಲದ ಪತ್ರಿಕೆಗೆ ಸೈಕಲ್ ವಿಷಯ ಬರೆಯುತ್ತಿದ್ದೇನೆ.

ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. 2019ರಲ್ಲಿ ನಮ್ಮ ಅಕ್ಕನಿಗೂ ಒಂದು ಸಿಕ್ಕಿತ್ತು. ಮರುವರ್ಷ ಕೊರೊನಾ ಬಂತು, ಶಾಲೆ ಮುಚ್ಚಿತು. ಸೈಕಲ್ಲನ್ನು ಮಾಡಿನ ಹನಿ ಬೀಳುವಲ್ಲೇ ನಿಲ್ಲಿಸಿ ಮರೆತೆವು. ಎರಡು ಮಳೆಗಾಲ ಕಳೆದ ಮೇಲೆ ನೋಡಿದರೆ ಚೈನು ಕೋಲಿನ ಹಾಗೆ ಸೆಟೆದುಕೊಂಡಿತ್ತು. ತಪ್ಪು ನಮ್ಮದೇ.

ಆದರೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಅಜ್ಜನ ಹಳೇ ಸೈಕಲ್ಲಿನ ಚೈನು ಈಗಲೂ ತಿರುಗುತ್ತದೆ! ಕಾರಣ ಏನೆಂದರೆ ಅದಕ್ಕೆ ಪೂರ್ತಿ ಮುಚ್ಚಿದ ಚೈನ್ ಕವರ್ ಇದೆ. ಅಕ್ಕನದಕ್ಕೆ ಮೇಲೆ ಮಾತ್ರ ಒಂದು ತಗಡಿನ ಪಟ್ಟಿ. ನಮ್ಮ ಕಡೆಯ ಕೆಂಪು ಮಣ್ಣು ನೀರಿನ ಜೊತೆ ಚೈನಿನ ಸಂದಿಗೆ ಹೋಗಿ ಅರದ ಹಾಗೆ ತಿಕ್ಕುತ್ತದೆ. ಮೊದಲು ಎಣ್ಣೆ ಹೋಗುತ್ತದೆ, ಆಮೇಲೆ ತುಕ್ಕು. ಪೂರ್ತಿ ಕವರಿಗೂ ಒಂದು ದೋಷ ಉಂಟು, ಹಿಂದಿನ ಗಾಲಿ ತೆಗೆಯಲು ಬಹಳ ಕಷ್ಟ. ಆದರೂ ನಾನು ಕವರಿನ ಪರ. ಗಾಲಿ ತೆಗೆಯುವುದು ಯಾವಾಗಲೋ ಒಮ್ಮೆ, ಮಳೆ ಮಾತ್ರ ದಿನಾ. ಪಂಚರ್ ಹಾಕಲಂತೂ ಗಾಲಿ ಬಿಚ್ಚಲೇಬೇಕೆಂದಿಲ್ಲ. ಟಯರಿನ ಒಂದು ಬದಿ ಎಬ್ಬಿಸಿ ಟ್ಯೂಬು ಹೊರಗೆ ಎಳೆದರಾಯಿತು.

ನಾನು ಮೊದಲು ಚೈನಿಗೆ ಕೊಬ್ಬರಿ ಎಣ್ಣೆ ಹಾಕಿದ್ದೆ. ಚಳಿಗಾಲದ ಬೆಳಿಗ್ಗೆ ನೋಡಿದರೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. "ಕೂಸೆ, ಕೊಬ್ರಿ ಎಣ್ಣೆ ತಲೆಗೆ ಹಾಕದು" ಎಂದು ಅಜ್ಜ ನಕ್ಕರು. ಮಷಿನ್ ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಬೇಕು. ಒರೆಸದಿದ್ದರೆ ಅದಕ್ಕೇ ಧೂಳು ಅಂಟುತ್ತದೆ.

ಇನ್ನು ಏರು. ಸಿರ್ಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಏರು ಇಲ್ಲದ ದಾರಿ ಎಲ್ಲಿದೆ? ಬಹಳ ಗೇರಿನ ಸೈಕಲ್ ಬೇಕೆಂದು ನನಗೂ ಆಸೆ ಇತ್ತು, ಆದರೆ ಅದರ ಸಣ್ಣ ಸಣ್ಣ ಭಾಗಗಳಿಗೆಲ್ಲ ಕೆಸರು ಹೊಕ್ಕರೆ ಮನೆಯಲ್ಲಿ ರಿಪೇರಿ ಆಗದು. ಇಲ್ಲಿ ಒಂದು ಲೆಕ್ಕ ಇದೆ. ಅಕ್ಕನ ಸೈಕಲ್ಲಿನ ಮುಂದಿನ ಚಕ್ರದ ಹಲ್ಲು ಎಣಿಸಿದೆ, 44. ಹಿಂದಿನ ಫ್ರೀವೀಲಿಗೆ 18. ಒಂದು ಸುತ್ತು ಪೆಡಲ್ ತುಳಿದರೆ ಹಿಂದಿನ ಗಾಲಿ 44 ಭಾಗಿಸು 18, ಅಂದರೆ ಸುಮಾರು ಎರಡೂವರೆ ಸುತ್ತು ಹೋಗುತ್ತದೆ. 22 ಹಲ್ಲಿನ ಫ್ರೀವೀಲ್ ಹಾಕಿದರೆ ಸರಿಯಾಗಿ 2 ಸುತ್ತು. ವೇಗ ಕಡಿಮೆ, ಆದರೆ ಏರಿನಲ್ಲಿ ಕಾಲಿಗೆ ಹಗುರ. ಸಪಾಟು ದಾರಿಯಲ್ಲಿ ಹುಡುಗರು ನಮ್ಮನ್ನು ಹಿಂದೆ ಹಾಕಲಿ ಬಿಡಿ.

ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡಿದ್ದು ಬ್ರೇಕಿನದು. ಅಜ್ಜನ ಸೈಕಲ್ಲಿಗೆ ವಾಯರ್ ಇಲ್ಲ, ಕಬ್ಬಿಣದ ಸರಳು. ಅದು ಕೆಡುವುದು ಕಡಿಮೆ. ಹಾಗಾದರೆ ಅದೇ ಒಳ್ಳೆಯದು ಅಂದುಕೊಂಡು ನಮ್ಮ ತೋಟದ ಇಳಿಜಾರಿನಲ್ಲಿ ಪರೀಕ್ಷೆ ಮಾಡಿದೆ. ರಿಮ್ಮು ಒಣಗಿದ್ದಾಗ ಬ್ರೇಕ್ ಹಿಡಿದ ಮೇಲೆ 5 ಹೆಜ್ಜೆ ದೂರದಲ್ಲಿ ನಿಂತಿತು. ರಿಮ್ಮಿಗೆ ನೀರು ಹೊಯ್ದು ನೋಡಿದರೆ 13 ಹೆಜ್ಜೆ! ಅಡಿಕೆ ಮರವೊಂದು ಸ್ವಲ್ಪದರಲ್ಲಿ ತಪ್ಪಿತು. ನುಣುಪಾದ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಹಿಡಿಯುವುದಿಲ್ಲ. ದೇವಿಮನೆ ಘಟ್ಟ, ಅರಬೈಲು ಘಟ್ಟದಂಥ ಕಡೆ ಹೀಗಾದರೆ ಏನು ಗತಿ? ಹಾಲೆಂಡಿನಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಗಾಲಿಯ ಗುಂಬದ ಒಳಗೇ ಬ್ರೇಕ್ ಹಿಡಿಯುವ ಸೈಕಲ್ಲುಗಳಿವೆ. ಅದಕ್ಕೆ ಮಳೆ ತಾಗದು. ಆದರೆ ಹಾಲೆಂಡ್ ಚಪ್ಪಟೆ ದೇಶ. ಉದ್ದನೆಯ ಇಳಿಜಾರಿನಲ್ಲಿ ಆ ಬ್ರೇಕ್ ಬಹಳ ಕಾಯುತ್ತದೆ. ಕೆಟ್ಟರೆ ಇಲ್ಲಿ ಬಿಚ್ಚುವವರೂ ಬೇಕಲ್ಲ! ಆದ್ದರಿಂದ ಅಲ್ಯೂಮಿನಿಯಂ ರಿಮ್ಮು ಮತ್ತು ವಾಯರ್ ಬ್ರೇಕು ಎಂದು ನಿರ್ಧರಿಸಿದೆ. ಅಲ್ಯೂಮಿನಿಯಂ ಒದ್ದೆಯಾದರೂ ಉಕ್ಕಿಗಿಂತ ಚೆನ್ನಾಗಿ ಹಿಡಿಯುತ್ತದೆ. ವಾಯರಿಗೆ ತುಕ್ಕು ಬಂದರೆ ನಾವೇ ಬದಲಿಸಬಹುದು.

ಗಾಳಿ ಹೋದರೆ ಕೂಡಲೇ ಪಂಚರ್ ಅನ್ನಬೇಡಿ. ವಾಲಿನ ಬಾಯಿಗೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಒಳಗಿನ ರಬ್ಬರ್ ನಳಿಗೆ ಹಳತಾಗಿದೆ ಎಂದರ್ಥ. ಅದು ಬಹಳ ಅಗ್ಗ, ಒಂದು ತುಂಡು ಕಂಪಾಸ್ ಡಬ್ಬಿಯಲ್ಲೇ ಇಟ್ಟುಕೊಳ್ಳಬಹುದು. ಜೊತೆಗೆ ಎರಡೂ ತುದಿಗೆ ತೂತುಗಳಿರುವ, ಎಲುಬಿನಂಥ ಪಾನಾ ಒಂದು.

ಮೊನ್ನೆ ಅಕ್ಕನ ಸೈಕಲ್ಲಿಗೆ ಹೊಸ ಚೈನು, 22 ಹಲ್ಲಿನ ಫ್ರೀವೀಲು ಹಾಕಿದೆವು. ನಟ್ಟು ಬಿಗಿದದ್ದು ನಾನೇ. ರಿಮ್ಮಿಗೆ ಅಡಿಕೆ ಮಾರಿದ ಮೇಲೆ ದುಡ್ಡು ಕೊಡುತ್ತೇನೆ ಎಂದಿದ್ದಾರೆ ಅಪ್ಪ. ಚೈನ್ ಕವರ್ ಮಾತ್ರ ಸಿಕ್ಕಿಲ್ಲ. ಅಜ್ಜನದು ಅಳತೆಗೆ ದೊಡ್ಡದಾಯಿತು. ಯಾರ ಮನೆಯ ಅಟ್ಟದಲ್ಲಾದರೂ ಸಣ್ಣ ಸೈಕಲ್ಲಿನ ಪೂರ್ತಿ ಕವರ್ ಇದ್ದರೆ ದಯವಿಟ್ಟು ಮಳೆಗಾಲದ ಒಳಗೆ ನನಗೆ ಹೇಳಿ.

– 7ನೇ ತರಗತಿಯ ವಿದ್ಯಾರ್ಥಿನಿ