ಪ್ರವಾಸಕ್ಕೆ ಊರುಗಳ ಆಯ್ಕೆ: ಜಪಾನಿನ ಒಂದು ನಿದರ್ಶನ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಇವೆರಡೂ ಬೇರೆಬೇರೆ ಕೆಲಸಗಳೆಂದು ಹಲವರು ತಿಳಿಯುವುದುಂಟು. ಆದರೆ ಕೋಶವನ್ನು ಓದದೆ ದೇಶವನ್ನು ಸುತ್ತಿದವನು ದಣಿದು ಬರುವನಲ್ಲದೆ ತಿಳಿದು ಬರಲಾರನು. ಒಂದು ದೇಶವನ್ನು ಪೂರ್ತಿಯಾಗಿ ನೋಡಿ ಮುಗಿಸುವಷ್ಟು ಹಣವಾಗಲಿ ಕಾಲವಾಗಲಿ ಯಾರಿಗೂ ಇರುವುದಿಲ್ಲ. ಆದುದರಿಂದ ಪ್ರಯಾಣದ ಮೊದಲನೆಯ ಕೆಲಸವೆಂದರೆ ಊರುಗಳ ಆಯ್ಕೆ. ಅದನ್ನು ಹೇಗೆ ಮಾಡಬೇಕೆಂಬುದನ್ನು ಜಪಾನಿನ ನಿದರ್ಶನದಿಂದ ವಿಚಾರಿಸೋಣ. ಭೂಪಟವನ್ನು ಎದುರಿಗೆ ತೆರೆದಿಟ್ಟುಕೊಂಡು ಮುಂದೆ ಓದಿರಿ.

‘ವರುಷಕ್ಕೊಮ್ಮೆ ಊರಿಗೆ ಹೋಗುವುದೇ ಕಷ್ಟವಾಗಿರುವಾಗ ನಮಗೆ ಜಪಾನಿನ ಮಾತೇಕೆ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಟಿಕೇಟು ಕೊಳ್ಳುವುದಕ್ಕೆ ಹಣ ಬೇಕು, ನಿಜ. ಭೂಪಟದ ಮೇಲೆ ಬೆರಳಿಟ್ಟು ವಿಚಾರಮಾಡುವುದಕ್ಕೆ ಹಣ ಬೇಡ. ಈ ವಿಚಾರವನ್ನು ಇಂದು ಕಲಿತವನಿಗೆ ಮುಂದೊಂದು ದಿನ ಸಿಕ್ಕುವ ಹತ್ತು ದಿನಗಳು ವ್ಯರ್ಥವಾಗಲಾರವು.

ಜಪಾನು ದ್ವೀಪಗಳ ದೇಶ. ಅವುಗಳಲ್ಲಿ ಹೊಕ್ಕೈಡೋ, ಹೊನ್ಶೂ, ಶಿಕೋಕು, ಕ್ಯೂಶೂ ಎಂಬ ನಾಲ್ಕು ಮುಖ್ಯವಾದವು. ದೇಶದ ವಿಸ್ತೀರ್ಣ ಸುಮಾರು 3,78,000 ಚದರ ಕಿಲೋಮೀಟರು. ಎಂದರೆ ಎರಡು ಕರ್ನಾಟಕಗಳಿಗಿಂತ ತುಸು ಕಡಿಮೆ. ನೆಲದ ಮೂರರಲ್ಲಿ ಎರಡು ಪಾಲು ಬೆಟ್ಟ ಮತ್ತು ಕಾಡು. ಆದುದರಿಂದ ದೊಡ್ಡ ನಗರಗಳೆಲ್ಲ ಹೆಚ್ಚಾಗಿ ಕರಾವಳಿಯ ಬಯಲುಗಳಲ್ಲಿಯೇ ಕಿಕ್ಕಿರಿದಿವೆ. ಈ ಬಯಲುಗಳನ್ನು ರೈಲುದಾರಿಯು ಒಂದಕ್ಕೊಂದು ಪೋಣಿಸಿದೆ. ಶಿಂಕಾನ್ಸೆನ್ ಎಂಬ ಅತಿವೇಗದ ರೈಲು 1964ನೆಯ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಓಸಾಕಾ ನಗರಗಳ ನಡುವೆ ಮೊದಲು ಓಡಿತು. ಇಂದು ಅದರಲ್ಲಿ ಟೋಕಿಯೋದಿಂದ ಕ್ಯೋಟೋಗೆ ಸುಮಾರು ಎರಡೂಕಾಲು ಗಂಟೆಯ, ಹಿರೋಶಿಮಾಕ್ಕೆ ಸುಮಾರು ನಾಲ್ಕು ಗಂಟೆಯ ಪ್ರಯಾಣ.

ಈಗ ನಮಗೆ ಹತ್ತು ದಿನಗಳಿವೆ ಎಂದುಕೊಳ್ಳೋಣ. ಮೊದಲನೆಯ ನಿಯಮವೆಂದರೆ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹೊರಡುವುದು. ಹೆಸರಾದ ಊರುಗಳನ್ನೆಲ್ಲ ಬರೆದುಕೊಂಡರೆ ಅದು ಬರಿಯ ಪಟ್ಟಿ. ಪ್ರಶ್ನೆಯೊಂದಿದ್ದರೆ ಊರುಗಳು ತಾವಾಗಿಯೇ ಆಯ್ದುಬರುತ್ತವೆ. ನಮ್ಮ ಪ್ರಶ್ನೆ ಹೀಗಿರಲಿ: ಬೆಂಕಿ, ಭೂಕಂಪ, ಯುದ್ಧಗಳಿಂದ ಮತ್ತೆ ಮತ್ತೆ ನಾಶವಾದ ಈ ದೇಶವು ತನ್ನ ಹಳೆಯದನ್ನು ಹೇಗೆ ಉಳಿಸಿಕೊಂಡಿತು?

ಇದಕ್ಕೆ ಮೊದಲು ಉತ್ತರ ಕೊಡುವ ಊರು ನಾರಾ. 710ರಲ್ಲಿ ರಾಜಧಾನಿಯಾದ ಈ ಊರಿನ ತೋದೈಜಿ ದೇವಾಲಯದಲ್ಲಿ ಸುಮಾರು 15 ಮೀಟರು ಎತ್ತರದ ಕಂಚಿನ ಬುದ್ಧನಿದ್ದಾನೆ. 752ರಲ್ಲಿ ಆ ವಿಗ್ರಹಕ್ಕೆ ಕಣ್ಣು ಬರೆದು ಪ್ರತಿಷ್ಠೆಯ ವಿಧಿಯನ್ನು ನಡೆಸಿದವರು ಭಾರತದಿಂದ ಹೋದ ಬೋಧಿಸೇನರೆಂಬ ಭಿಕ್ಷುಗಳು. ವಿಗ್ರಹದ ಮಂದಿರವು 1180ರಲ್ಲಿ ಒಮ್ಮೆ, 1567ರಲ್ಲಿ ಮತ್ತೊಮ್ಮೆ ಸುಟ್ಟುಹೋಯಿತು. ನಾವು ಇಂದು ಕಾಣುವ ಮರದ ಮಂದಿರ 1709ರಲ್ಲಿ ಪೂರ್ಣವಾದುದು.

ಎರಡನೆಯದು ಕ್ಯೋಟೋ. 794ರಿಂದ 1868ರ ವರೆಗೆ, ಸಾವಿರ ವರುಷಗಳಿಗೂ ಮಿಕ್ಕು, ಇದು ಚಕ್ರವರ್ತಿಗಳ ನಗರವಾಗಿದ್ದಿತು. ಇಲ್ಲಿಯ ಚಿನ್ನದ ಮಂಟಪಕ್ಕೆ 1950ರಲ್ಲಿ ತರುಣ ಭಿಕ್ಷುವೊಬ್ಬನು ಬೆಂಕಿಯಿಟ್ಟನು. 1955ರಲ್ಲಿ ಅದನ್ನು ಹಿಂದಿನ ರೂಪದಲ್ಲಿಯೇ ಮರಳಿ ಕಟ್ಟಿದರು.

ಮೂರನೆಯದು ಟೋಕಿಯೋ. ಎಡೋ ಎಂಬ ಹೆಸರಿದ್ದ ನಗರಕ್ಕೆ 1868ರಲ್ಲಿ ‘ಪೂರ್ವದ ರಾಜಧಾನಿ’ ಎಂಬ ಅರ್ಥದ ಈ ಹೆಸರು ಬಂದಿತು. 1923ರ ಭೂಕಂಪವೂ ಅದರ ಹಿಂದೆಯೇ ಎದ್ದ ಬೆಂಕಿಯೂ ಇದನ್ನು ಹಾಳುಮಾಡಿದವು. 1945ರ ಬಾಂಬುದಾಳಿಗಳು ಮತ್ತೆ ಸುಟ್ಟವು. ಅಸಾಕುಸಾದ ಸೆನ್ಸೋಜಿ ದೇವಾಲಯದ ಪ್ರಧಾನ ಮಂದಿರವು ಆ ವರುಷ ಸುಟ್ಟು, 1958ರಲ್ಲಿ ಕಾಂಕ್ರೀಟಿನಲ್ಲಿ ಮರಳಿ ಎದ್ದಿತು. ಹಳೆಯದನ್ನು ಮರದಲ್ಲಿಯೇ ಉಳಿಸಬೇಕೆ, ಹೊಸ ಸಾಮಗ್ರಿಯಲ್ಲಿ ಉಳಿಸಬಹುದೆ ಎಂಬುದನ್ನು ಈ ಮೂರು ಊರುಗಳನ್ನು ಹೋಲಿಸಿದವನು ತಾನೇ ನಿರ್ಣಯಿಸಬಹುದು.

ನಾಲ್ಕನೆಯದು ಹಿರೋಶಿಮಾ. 1945ರಲ್ಲಿ ಅಮೆರಿಕದ ಅಧಿಕಾರಿಗಳೂ ಜಪಾನಿನ ಊರುಗಳ ಪಟ್ಟಿಯೊಂದನ್ನು ಮಾಡಿದರು. ಅದು ಪರಮಾಣು ಬಾಂಬಿಗೆ ಗುರಿಯಾಗತಕ್ಕ ಊರುಗಳ ಪಟ್ಟಿ. ಅದರಲ್ಲಿ ಕ್ಯೋಟೋ ಕೂಡ ಇದ್ದಿತು. 1920ರ ದಶಕದಲ್ಲಿ ಆ ನಗರವನ್ನು ಕಣ್ಣಾರೆ ಕಂಡಿದ್ದ ಯುದ್ಧಸಚಿವ ಹೆನ್ರಿ ಸ್ಟಿಮ್ಸನ್ನರು ಅದರ ಹೆಸರನ್ನು ತೆಗೆಸಿದರು. ಹಿರೋಶಿಮಾ ಪಟ್ಟಿಯಲ್ಲಿಯೇ ಉಳಿಯಿತು. ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಬಾಂಬು ಬಿದ್ದಿತು. ಆ ವರುಷದ ಕೊನೆಯೊಳಗೆ ಸತ್ತವರು ಸುಮಾರು 1,40,000 ಮಂದಿ. ಅಂದು ಎರಡು ವರುಷದ ಮಗುವಾಗಿದ್ದ ಸಡಾಕೋ ಸಸಾಕಿ ಎಂಬ ಬಾಲಿಕೆ 1955ರಲ್ಲಿ, ನಿಮ್ಮ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಯ ನೆನಪಿನಿಂದ ಹುಟ್ಟಿದ ಮಕ್ಕಳ ಶಾಂತಿಸ್ಮಾರಕವು 1958ರಿಂದ ಅಲ್ಲಿ ನಿಂತಿದೆ. ಅಳಿದುಳಿದ ಗುಮ್ಮಟದ ಕಟ್ಟಡವೊಂದನ್ನು ಈ ಊರಿನವರು ದುರಸ್ತಿಮಾಡಿ ಹೊಸದಾಗಿಸಲಿಲ್ಲ, ಮುರಿದಂತೆಯೇ ಕಾಪಾಡಿದ್ದಾರೆ. ನಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ.

ಎರಡನೆಯ ನಿಯಮ ದಾರಿಯನ್ನು ಕುರಿತದ್ದು. ಈ ನಾಲ್ಕು ಊರುಗಳೂ ಹೊನ್ಶೂ ದ್ವೀಪದಲ್ಲಿಯೇ ಇವೆ. ಟೋಕಿಯೋದಲ್ಲಿ ನಾಲ್ಕು ದಿನ, ಕ್ಯೋಟೋದಲ್ಲಿ ಮೂರು ದಿನ, ಅಲ್ಲಿಂದಲೇ ಹೋಗಿಬರಬಹುದಾದ ನಾರಾಕ್ಕೆ ಒಂದು ದಿನ, ಹಿರೋಶಿಮಾಕ್ಕೆ ಎರಡು ದಿನ. ಹೀಗೆ ಪೂರ್ವದಿಂದ ಪಶ್ಚಿಮಕ್ಕೆ ಒಂದೇ ಎಳೆಯಾಗಿ ಸಾಗಬಹುದು. ದಿನಕ್ಕೊಂದು ಊರಿನಂತೆ ಓಡುವವನು ನಿಲ್ದಾಣಗಳನ್ನು ನೋಡುವನೇ ಹೊರತು ಊರುಗಳನ್ನಲ್ಲ.

ಮೂರನೆಯ ನಿಯಮ, ಬಿಟ್ಟ ಊರಿಗೂ ಕಾರಣವನ್ನು ಹೇಳಬೇಕು. ಓಸಾಕಾ ದಾರಿಯಲ್ಲಿಯೇ ಇದೆ. ಆದರೆ ಹತ್ತು ದಿನಗಳಲ್ಲಿ ಒಂದು ಮಹಾನಗರ ಸಾಕು. ಸಪ್ಪೋರೋ ಉತ್ತರದ ಹೊಕ್ಕೈಡೋದಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ನಗರ. ನಮ್ಮ ಪ್ರಶ್ನೆಗೂ ನಮ್ಮ ದಾರಿಗೂ ದೂರ. ನಾಗಸಾಕಿಯನ್ನು ಬಿಡುವುದು ಮಾತ್ರ ಸುಲಭವಲ್ಲ. ಆಗಸ್ಟ್ 9ರ ಬಾಂಬು ಕೊಕುರಾ ಎಂಬ ಊರಿಗೆಂದು ಹೊರಟಿತ್ತು. ಅಲ್ಲಿ ಗುರಿ ಕಾಣಿಸದ ಕಾರಣ ನಾಗಸಾಕಿಯ ಮೇಲೆ ಬಿದ್ದಿತು. ನಮ್ಮ ಪ್ರಶ್ನೆಗೆ ಸೇರಿದ ಊರೇ ಅದು. ಆದರೂ ಕ್ಯೂಶೂವಿನ ಪಶ್ಚಿಮದ ಅಂಚಿಗೆ ಹೋಗಿಬರಲು ನಮ್ಮಲ್ಲಿ ದಿನಗಳು ಉಳಿದಿಲ್ಲ. ಹನ್ನೆರಡು ದಿನಗಳಿದ್ದವನು ಅದನ್ನು ಬಿಡಬಾರದು.

ಈ ನಗರದಲ್ಲಿಯೇ ಹುಟ್ಟಿ ಬೆಳೆದು, ರಜೆಯಲ್ಲಿ ತಂದೆತಾಯಿಗಳ ಊರೊಂದನ್ನು ಮಾತ್ರ ಕಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಕನ್ನಡವರಿಯದ ನೆರೆಮನೆಯ ಗೆಳೆಯನು ‘ನಿಮ್ಮ ನಾಡನ್ನು ನೋಡಲು ನನಗೆ ಐದೇ ದಿನಗಳಿವೆ, ಎಲ್ಲಿಗೆ ಹೋಗಲಿ?’ ಎಂದು ಕೇಳಿದರೆ ಏನು ಹೇಳುವಿರಿ? ಹಂಪೆ, ಬಾದಾಮಿ, ಬೇಲೂರು ಎಂದು ಹೆಸರುಗಳನ್ನು ಒಪ್ಪಿಸಿದರೆ ಸಾಲದು. ಕೆಳಗಿನ ಅಭ್ಯಾಸವನ್ನು ಮಾಡಿ ನೋಡಿರಿ.

ಅಭ್ಯಾಸ
1. ಕರ್ನಾಟಕವನ್ನು ಕುರಿತು ನಿಮಗೆ ನಿಜವಾಗಿಯೂ ತಿಳಿಯಬೇಕೆನಿಸುವ ಒಂದು ಪ್ರಶ್ನೆಯನ್ನು ಬರೆಯಿರಿ.
2. ಅದಕ್ಕೆ ಉತ್ತರ ಕೊಡಬಲ್ಲ ಮೂರು ಊರುಗಳನ್ನು ಆರಿಸಿ, ಭೂಪಟದಲ್ಲಿ ಅವನ್ನು ಸೇರಿಸುವ ದಾರಿಯನ್ನು ಗುರುತಿಸಿರಿ.
3. ಮನಸ್ಸಿಲ್ಲದೆ ಬಿಟ್ಟ ಒಂದು ಊರಿನ ಹೆಸರನ್ನೂ ಬಿಟ್ಟ ಕಾರಣವನ್ನೂ ತಿಳಿಸಿರಿ.
4. ನಿಮ್ಮ ತಂದೆತಾಯಿಗಳ ಊರು ಆ ದಾರಿಯಿಂದ ಎಷ್ಟು ದೂರ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.