ಚಿತ್ರದುರ್ಗದ ಕೋಟೆ: ಹುಟ್ಟು ಮತ್ತು ವಾಸ್ತುವಿನ ಹಂತಗಳು

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಪಾಳೆಯಗಾರರ ನಿರ್ಮಿತಿಯೆಂದೇ ಭಾವಿಸುವುದು ರೂಢಿ. ಅದರ ಇಂದಿನ ಸ್ವರೂಪದ ಬಹುಭಾಗ ಅವರ ಕಾಲದ್ದೆಂಬುದು ನಿಜ. ಆದರೆ ಹುಟ್ಟನ್ನೂ ಅಲ್ಲಿಗೇ ಸೀಮಿತಗೊಳಿಸಿದರೆ ಶಾಸನಗಳ ಸಾಕ್ಷ್ಯವನ್ನು ಕಡೆಗಣಿಸಿದಂತಾಗುತ್ತದೆ.

ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಕೆರೆಯ ನಿರ್ಮಾಣವನ್ನು ದಾಖಲಿಸುತ್ತದೆ. ಹೊಯ್ಸಳ ಹಾಗೂ ವಿಜಯನಗರ ಕಾಲದ ಶಾಸನಗಳಲ್ಲಿ ಈ ಊರು ಬೆಮ್ಮತ್ತನಕಲ್ಲು. ಇಲ್ಲಿನ 'ಕಲ್ಲು' ಎಂಬ ಉತ್ತರಪದ ಬಂಡೆಯ ನೆಲೆಯನ್ನೇ ಸೂಚಿಸುತ್ತದೆ. 'ದುರ್ಗ'ವೆಂಬುದು ಅನಂತರದ ರೂಢಿ. ಬೆಟ್ಟದ ಮೇಲಿನ ಸಿದ್ಧೇಶ್ವರ ಗುಡಿಯ ಶಾಸನಗಳೂ ಪಾಳೆಯಗಾರರಿಗಿಂತ ಪೂರ್ವದವು. ಆದ್ದರಿಂದ ಇಲ್ಲಿ ನೀರು, ಗುಡಿ ಮತ್ತು ವಸತಿ ಮೊದಲು. ಇಂದು ಕಾಣುವ ಸುತ್ತುಗೋಡೆಗಳ ವಿಸ್ತಾರ ಅನಂತರದ್ದು.

16ನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಅಧೀನನಾಗಿ ಮತ್ತಿ ತಿಮ್ಮಣ್ಣ ನಾಯಕನು ಇಲ್ಲಿ ನೆಲೆಯೂರಿದನು. ಸಾಮ್ರಾಜ್ಯ ಕುಸಿದಂತೆ ಅವನ ವಂಶಜರು ಸ್ವತಂತ್ರರಾಗಿ ಕೋಟೆಯನ್ನು ವಿಸ್ತರಿಸಿದರು. ಸಹಜ ಹೆಬ್ಬಂಡೆಗಳ ನಡುವಿನ ತೆರಪನ್ನು ಕಣಶಿಲೆಯ ಗೋಡೆಗಳಿಂದ ಮುಚ್ಚಿರುವುದು, ನೇರ ನುಗ್ಗಲಾಗದಂತೆ ಬಾಗಿಲುಗಳ ದಾರಿಯನ್ನು ತಿರುವುಗಳಲ್ಲಿ ಕೊಂಡೊಯ್ದಿರುವುದು ಇಲ್ಲಿಯ ವಾಸ್ತುವಿನ ವೈಶಿಷ್ಟ್ಯ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳು ಮಳೆನೀರನ್ನು ಹಿಡಿದಿಡುತ್ತಿದ್ದವು. ಮುತ್ತಿಗೆಯ ಕಾಲದಲ್ಲಿ ಗೋಡೆಯಷ್ಟೇ ನೀರೂ ರಕ್ಷಣೆಯಾಗಿತ್ತು.

1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಹೀಗೆ ಹಲವು ಆಳ್ವಿಕೆಗಳನ್ನು ಕಂಡ ಕೋಟೆಯನ್ನು ಒಬ್ಬ ಅರಸನ ಹೆಸರಿಗೆ ಕಟ್ಟದೆ, ಶಾಸನ, ಸ್ಥಳನಾಮ ಮತ್ತು ಕಟ್ಟಡಗಳ ಸಾಕ್ಷ್ಯವನ್ನು ಒಟ್ಟಾಗಿಟ್ಟು ಪದರಪದರವಾಗಿ ಓದುವುದೇ ಉಚಿತವಾದ ಕ್ರಮ.