ಆನೆ ತರುವವರು ಮೇವಿಗೂ ದಾರಿ ನೋಡಬೇಕು

ಮಗಳೇ, ರಂಗಶಿಕ್ಷಣ ಮುಗಿಸಿ ಬಂದಿದ್ದೀಯ. ಇನ್ನು ನಿರ್ದೇಶನವೇ ನನ್ನ ದಾರಿ ಅಂತ ಮನೆಯಲ್ಲಿ ಹೇಳಿಯೂ ಆಯಿತು. ನಿಮ್ಮಪ್ಪ ನನ್ನ ಹತ್ತಿರ ಬಂದು, ‘ನೀವಾದರೂ ಅವಳಿಗೆ ಬುದ್ಧಿ ಹೇಳಿ’ ಅಂದ. ನಾನು ಬೇಡ ಅನ್ನಲಿ ಎಂಬುದು ಅವನ ಆಸೆ. ನಾನು ಹಾಗೆ ಅನ್ನುವವನಲ್ಲ. ಆದರೆ ‘ನಿರ್ದೇಶನ ನನ್ನದು, ಉಳಿದದ್ದನ್ನೆಲ್ಲ ಯಾರಾದರೂ ನೋಡಿಕೊಳ್ಳಲಿ’ ಅಂದೆಯಲ್ಲ, ಅಲ್ಲಿ ನನ್ನ ತಕರಾರಿದೆ.

ಆ ‘ಯಾರಾದರೂ’ ನಮ್ಮಲ್ಲಿ ಬೇರೆಯಾಗಿ ಸಿಕ್ಕಿದ್ದು ಕಡಿಮೆ. ಗುಬ್ಬಿ ವೀರಣ್ಣನವರು ನಟರೂ ಹೌದು, ಕಂಪನಿ ಮಾಲೀಕರೂ ಹೌದು. ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು ಅಂತ ಇವತ್ತಿಗೂ ಜನ ಬಾಯಿತುಂಬ ಹೇಳುತ್ತಾರೆ. ಆನೆ ಬರಲಿ ಅನ್ನುವುದು ಕಲ್ಪನೆ. ಅದಕ್ಕೆ ಮೇವು, ಮಾವುತ, ಅದರ ಭಾರ ತಡೆಯುವ ಅಟ್ಟ, ಇವೆಲ್ಲ ಮಾಲೀಕನ ಚಿಂತೆ. ಎರಡೂ ಒಂದೇ ತಲೆಯಲ್ಲಿದ್ದದ್ದರಿಂದ ಆನೆ ಬಂತು.

ಎರಡು ತಲೆ ಕೂಡಿ ದುಡಿದದ್ದೂ ಉಂಟು. ಪ್ಯಾರಿಸ್ಸಿನಲ್ಲಿ ಹಾಳುಬಿದ್ದಿದ್ದ ಬೂಫ್ ದ್ಯು ನೋರ್ ರಂಗಮಂದಿರವನ್ನು ಪೀಟರ್ ಬ್ರೂಕ್ 1974ರಲ್ಲಿ ಮತ್ತೆ ತೆರೆದಾಗ ಹೆಗಲು ಕೊಟ್ಟು ನಿಂತವರು ನಿರ್ಮಾಪಕಿ ಮಿಶಲಿನ್ ರೋಜಾ. ನಮ್ಮ ಕಡೆ ಬ್ರೂಕ್ ಹೆಸರು ಗೊತ್ತು, ಆಕೆಯ ಹೆಸರು ಗೊತ್ತಿಲ್ಲ. ಈ ಕೆಲಸದ ಹಣೆಬರಹವೇ ಅಷ್ಟು. ಕ್ರಿಯೇಟಿವ್ ಪ್ರೊಡ್ಯೂಸರ್ ಅಂತ ಕಾರ್ಡಿನಲ್ಲಿ ಅಚ್ಚು ಹಾಕಿಸಿದರೂ ಚಪ್ಪಾಳೆ ನಟರಿಗೇ ಹೋಗುತ್ತದೆ. ಅದಕ್ಕೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡ.

ನನ್ನ ಮಾತು ಒಣ ಉಪದೇಶ ಅನ್ನಿಸಿದರೆ ನೀನಾಸಮ್ ತಿರುಗಾಟವನ್ನು ನೋಡು. ನಾಟಕ ನೋಡುವುದು ಇದ್ದೇ ಇದೆ. ಮಧ್ಯಾಹ್ನವೇ ಹೋಗಿ ಅವರು ಸಾಮಾನು ಇಳಿಸುವುದನ್ನೂ ನೋಡು. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ಸಂಘ ಅದು. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು, 1985ರಲ್ಲಿ ತಿರುಗಾಟ ಹೊರಡಿಸಿದರು. ಕಲಿತ ಹುಡುಗರಿಗೆ ಕೆಲಸ ಬೇಕಲ್ಲ! ಒಂದು ತಂಡ, ಕೆಲವು ನಾಟಕ, ಅವೇ ನಟರು ಎಲ್ಲದರಲ್ಲೂ. ಊರಿನವರು ಜಾಗ, ಊಟ, ವಸತಿ ನೋಡಿಕೊಳ್ಳುತ್ತಾರೆ. ಇವತ್ತು ಶಾಲೆಯ ಅಂಗಳ, ನಾಳೆ ಕಲ್ಯಾಣ ಮಂಟಪ, ನಾಡಿದ್ದು ಒಳ್ಳೆಯ ರಂಗಮಂದಿರ. ಇದಕ್ಕೆ ಸೆಟ್ಟು ಯೋಚಿಸುವವನು ಮೊದಲು ನೋಡಬೇಕಾದ್ದು ವ್ಯಾನಿನ ಉದ್ದ ಎಷ್ಟು, ನಾಲ್ಕು ಜನ ಎಷ್ಟು ಹೊತ್ತಿನಲ್ಲಿ ಕಟ್ಟಿ ಬಿಚ್ಚಬಹುದು ಎಂಬುದನ್ನು. ಕಾಗದದ ಮೇಲೆ ಹನ್ನೆರಡು ಅಡಿ ಗೋಪುರ ಬರೆಯುವುದು ಸುಲಭ, ಕಲ್ಯಾಣ ಮಂಟಪದಲ್ಲಿ ಅದು ಫ್ಯಾನಿಗೆ ತಗುಲುತ್ತದೆ. ಆಗ ಗೋಪುರ ಬಿಟ್ಟು ಎರಡು ಪೀಠ, ಒಂದು ಬಟ್ಟೆ ಸಾಕು ಅನ್ನಬೇಕಾಗುತ್ತದೆ. ಎಷ್ಟೋ ಸಲ ನಾಟಕದ ಅಂದ ಇಂಥ ಇಕ್ಕಟ್ಟಿನಿಂದಲೇ ಹುಟ್ಟುತ್ತದೆ. ಬಜೆಟ್ಟು ಕಡಿಮೆ ಅಂತ ಅಳುವವರಿಗೆ ಈ ಗುಟ್ಟು ಗೊತ್ತಿರುವುದಿಲ್ಲ.

ಇನ್ನೊಂದು ತುದಿಯಲ್ಲಿ ‘ಮಲೆಗಳಲ್ಲಿ ಮದುಮಗಳು’ ನಾಟಕ ಇದೆ. ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣಕ್ಕೆ ಮಾಡಿಸಿದ್ದು. ಸುಮಾರು ಒಂಬತ್ತು ಗಂಟೆ, ಬೆಳಗಿನ ಜಾವದವರೆಗೆ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ಅಷ್ಟು ಜನ ಕತ್ತಲಲ್ಲಿ ಎಡವದ ಹಾಗೆ ದಾರಿ, ನಡುರಾತ್ರಿಯ ಚಳಿಗೆ ಟೀ, ಹೆಂಗಸರಿಗೆ ಶೌಚಾಲಯ ಎಲ್ಲಿ ಎಂಬುದೆಲ್ಲ ಇಂಥ ನಾಟಕದ ರಂಗತಂತ್ರವೇ. ಅದರಲ್ಲಿ ಒಂದು ತಪ್ಪಿದರೂ ಮೂರನೆಯ ಅಂಕಕ್ಕೆ ಅರ್ಧ ಜನ ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ.

‘ಹಾಗಾದರೆ ಬಿ.ವಿ. ಕಾರಂತರು?’ ಅಂತ ನೀನು ಕೇಳಬಹುದು. ಅವರ ಸಂಗೀತ, ಅವರ ಹುಚ್ಚು ನಮಗೆಲ್ಲ ನೆನಪಿದೆ. ಆದರೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದವರು, ಭೋಪಾಲದ ಭಾರತ ಭವನದ ರಂಗಮಂಡಲವನ್ನು ನಡೆಸಿದವರು, 1989ರಲ್ಲಿ ರಂಗಾಯಣಕ್ಕೆ ಅಡಿಪಾಯ ಹಾಕಿದವರು ಅವರೇ. ರಂಗಾಯಣದ ಕಲಾವಿದರಿಗೆ ತಿಂಗಳ ಸಂಬಳವಿತ್ತು. ಹಾಗಾಗಿ ಹಗಲಿಡೀ ತಾಲೀಮು ಮಾಡಬಹುದಿತ್ತು. ನಮ್ಮ ಹವ್ಯಾಸಿ ತಂಡಗಳಲ್ಲಿ ಸಂಜೆ ಆಫೀಸು ಬಿಟ್ಟು ಓಡಿಬಂದವನು ಆರೂವರೆಗೆ ಭೀಮನಾಗುತ್ತಾನೆ, ಒಂಬತ್ತಕ್ಕೆ ಕೊನೆಯ ಬಸ್ಸಿಗೆ ಓಡುತ್ತಾನೆ. ಎರಡು ಕಡೆಯ ನಟನೆ ಬೇರೆಯಾದರೆ ಅದರ ಕಾರಣ ಪ್ರತಿಭೆಯಲ್ಲಷ್ಟೇ ಇಲ್ಲ.

ರಂಗಮಂದಿರ ಕಟ್ಟುವುದಕ್ಕೂ ಇಂಥದೇ ದುಡಿಮೆ ಬೇಕು. ಶಂಕರ್ ನಾಗ್ 1990ರಲ್ಲಿ ಹೋದರು. ಅವರ ಕನಸಿನ ರಂಗಮಂದಿರ ರಂಗಶಂಕರ ಬಾಗಿಲು ತೆರೆದದ್ದು 2004ರಲ್ಲಿ. ನಡುವಿನ ವರ್ಷಗಳಲ್ಲಿ ಅವರ ಹೆಂಡತಿ ಅರುಂಧತಿ ನಾಗ್ ಎಷ್ಟು ಬಾಗಿಲು ತಟ್ಟಿರಬೇಕು, ಯೋಚಿಸು. ಅಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ದೊಡ್ಡವರ ಮಕ್ಕಳಾದರೂ ಅಷ್ಟೆ. ಇದು ಗೇಟಿನವನ ಜಬರ್ದಸ್ತು ಅಲ್ಲ, ಒಳಗೆ ಆಡುತ್ತಿರುವ ನಟನಿಗೆ ಮಂದಿರ ಕೊಡುವ ಮರ್ಯಾದೆ.

ಕಡೆಗೆ ದುಡ್ಡಿನ ಮಾತು. ನಾಟಕಕಾರರು ಬದುಕಿದ್ದರೆ ಅವರನ್ನು, ಇಲ್ಲದಿದ್ದರೆ ಮನೆಯವರನ್ನು ಕೇಳಿ ಒಪ್ಪಿಗೆ ಪತ್ರ ತರು. ತಾಲೀಮು ಶುರುವಾಗುವ ಮೊದಲೇ ತರು, ಪೋಸ್ಟರ್ ಅಂಟಿಸಿದ ಮೇಲಲ್ಲ. ಧನಸಹಾಯ ಬರುತ್ತದೆ ಅಂತ ಸಾಲ ಮಾಡಬೇಡ. ಬರಬಹುದು, ಆದರೆ ಪ್ರದರ್ಶನದ ದಿನಕ್ಕೆ ಬರುವುದು ಅಪರೂಪ. ಲೈಟಿನವನಿಗೆ, ಮೇಕಪ್ಪಿನವರಿಗೆ ಅವತ್ತೇ ರಾತ್ರಿ ಕೈಗೆ ಕೊಡು. ಅವರ ಮನೆಯ ಒಲೆ ಅದರಿಂದ ಉರಿಯುತ್ತದೆ. ನಟರಿಗೆ ಬಸ್ ಚಾರ್ಜಾದರೂ ಸಿಗಲಿ. ‘ಕಲಾಸೇವೆ’ ಅಂತ ಬಾಯಿ ಮುಚ್ಚಿಸುವವರ ಸಾಲಿಗೆ ನೀನು ಸೇರಬೇಡ. ಸಾಧ್ಯವಾದರೆ ಮೊದಲ ಒಂದೆರಡು ವರ್ಷ ಬೇರೆಯವರ ನಾಟಕಕ್ಕೆ ಸ್ಟೇಜ್ ಮ್ಯಾನೇಜರ್ ಆಗಿ ಹೋಗು. ಸೈಡ್ ವಿಂಗಿನಲ್ಲಿ ನಿಂತು ಕ್ಯೂ ಕೊಡುವವಳಿಗೆ ಕಾಣುವಷ್ಟು ನಾಟಕ ಮುಂದಿನ ಸಾಲಿನವರಿಗೆ ಕಾಣುವುದಿಲ್ಲ.

ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ. ನೀನು ಬರುವ ಭಾನುವಾರ ನಾಟಕದ ಪುಸ್ತಕದ ಜೊತೆಗೆ ಖರ್ಚಿನ ಪಟ್ಟಿಯನ್ನೂ ಬರೆದುಕೊಂಡು ಬಾ, ಹಾಲ್ ಬಾಡಿಗೆಯಿಂದ ಶುರು ಮಾಡೋಣ.